ಹ್ಯಾಗಿಸ್ ಯಾರ ಮನಿದು?

ಪ್ರಶ್ನೆ: ಅಕ್ಕಾರ, ನನ್ನ ಮಗ ಎಡಿನ್‌ಬರೊದಾಗ ಓದ್ತಾನ. ಮೊನ್ನೆ ವಿಡಿಯೊ ಕಾಲ್‌ನಾಗ ಕರ್ರಗ ಪುಡಿಪುಡಿ ಇದ್ದದ್ದೊಂದು ತೋರ್ಸಿ, "ಯವ್ವಾ, ಇದು ಹ್ಯಾಗಿಸ್. ನಮ್ಮ ಬೋಟಿ ಇದ್ದಂಗ. ಇಲ್ಲೇ ಸ್ಕಾಟ್ಲೆಂಡಿನಾಗ ಹುಟ್ಟಿದ್ದು" ಅಂದ. ಖರೇನಾ? ಮನ್ಯಾಗ ಮಾಡಾಕ ಬರ್ತದೇನು?
– ಓದುಗ ತಾಯಿ, ಗಂಗಾವತಿ

ಉತ್ತರ: ತಂಗಿ, ನಿನ್ನ ಮಗ ಹೇಳಿದ್ದು ಅರ್ಧ ಖರೆ. ಅಲ್ಲಿ ಹೆಸರು ಮಾಡಿತು, ಸರಿ. ಹುಟ್ಟಿದ್ದೂ ಅಲ್ಲೇ ಅನ್ನುವುದಕ್ಕೆ ಹಳೆಯ ಬರಹಗಳು ಒಪ್ಪುವುದಿಲ್ಲ.

ಮೊದಲು ಬೋಟಿಗೂ ಅದಕ್ಕೂ ಇರುವ ಫರಕು. ನಾವು ಹೊಟ್ಟೆ, ಕರುಳನ್ನೇ ತಿನ್ನುವವರು. ಅವರಿಗೆ ಹೊಟ್ಟೆ ಬರೀ ಚೀಲ. ಕುರಿಯ ಗುಂಡಿಗೆ, ಕಲೇಜಿ, ಪುಪ್ಪುಸ ಬೇಯಿಸಿ, ಸಣ್ಣಗೆ ಕೊಚ್ಚಿ, ಉಳ್ಳಾಗಡ್ಡಿ, ಕೊಬ್ಬು, ಕರಿಮೆಣಸು, ಓಟ್ಸ್ ನುಚ್ಚು ಕಲಸಿ ಅದರೊಳಗೆ ತುಂಬಿ ಬಾಯಿ ಹೊಲಿದು ಕುದಿಸುತ್ತಾರೆ. ತಿನ್ನುವಾಗ ಚೀಲ ಸೀಳಿ ಒಳಗಿನದನ್ನು ಬಡಿಸಿಕೊಳ್ಳುವುದು.

ನನ್ನ ತವರು ಲಿಂಗಸುಗೂರು ಕಡೆ, ಕೆಂಗುರಿ ಸೀಮೆ. ಕುರಿ ಕೊಯ್ದ ದಿನ ನಮ್ಮವ್ವ ತೊಡೆಮಾಂಸಕ್ಕೆ ಉಪ್ಪು, ಅರಿಶಿಣ ಸವರಿ ಹಗ್ಗಕ್ಕೆ ಒಣಹಾಕುತ್ತಿದ್ದಳು. ಅದಕ್ಕೇನು ಅವಸರವಿಲ್ಲ. ಕಲೇಜಿ, ಪುಪ್ಪುಸ ಮಾತ್ರ ಹೊತ್ತು ಮುಳುಗುವುದರೊಳಗೆ ಒಲೆ ಏರಲೇಬೇಕು, ಮೊದಲು ಕೆಡುವುದು ಅವೇ. ಹತ್ತಿರ ಪಾತ್ರೆ ಇಲ್ಲದ ಬೇಟೆಗಾರನೋ ಕುರಿಗಾರನೋ ಆದರೆ ಏನು ಮಾಡಬೇಕು? ಕುರಿ ತನ್ನ ಗಡಿಗೆಯನ್ನು ತಾನೇ ಹೊತ್ತು ತಂದಿರುತ್ತದಲ್ಲ! ಗ್ರೀಕರ ಹೋಮರ್ ತನ್ನ 'ಒಡಿಸ್ಸಿ'ಯಲ್ಲಿ, ನಿದ್ದೆ ಬಾರದೆ ಹೊರಳಾಡುವ ನಾಯಕನನ್ನು ಕೊಬ್ಬು, ರಕ್ತ ತುಂಬಿದ ಹೊಟ್ಟೆಚೀಲವನ್ನು ಬೆಂಕಿಯ ಮೇಲೆ ಅತ್ತಿತ್ತ ತಿರುವುವವನಿಗೆ ಹೋಲಿಸುತ್ತಾನೆ. ಎರಡೂವರೆ ಸಾವಿರ ವರ್ಷಕ್ಕೂ ಹಳೆಯ ಮಾತು. ಹೀಗಿರುವಾಗ ಇದನ್ನು ಕಂಡುಹಿಡಿದವರು ಯಾರು ಎಂದರೆ ಯಾವ ಊರಿನ ಹೆಸರು ಹೇಳಲಿ?

ಹೆಸರಿನ ಜಾಡು ಹಿಡಿದರೆ ಇನ್ನೂ ತಮಾಷೆ. 1430ರ ಸುಮಾರಿಗೆ 'ಹ್ಯಾಗೆಸ್' ಎಂದು ಮಾಡುವ ವಿಧಾನ ಬರೆದಿಟ್ಟದ್ದು ಇಂಗ್ಲೆಂಡಿನ ಲ್ಯಾಂಕಾಶೈರ್ ಸೀಮೆಯ ಪುಸ್ತಕ, ಅದೂ ಪದ್ಯದಲ್ಲಿ. ಕುರಿಗುಂಡಿಗೆ, ಸೊಪ್ಪು, ಮೆಣಸು, ಮೊಟ್ಟೆ ಎಲ್ಲ ಇವೆ, ಓಟ್ಸ್ ಒಂದಿಲ್ಲ. 1615ರಲ್ಲಿ ಜರ್ವೇಸ್ ಮಾರ್ಕ್‌ಹ್ಯಾಮ್ ಎಂಬ ಇಂಗ್ಲಿಷಿನವನೂ ಇದನ್ನು ಹೊಗಳಿದ. ಇಂಗ್ಲೆಂಡಿನವರು ಆಮೇಲೆ ಕೈಬಿಟ್ಟರು, ಸ್ಕಾಟ್ಲೆಂಡಿನವರು ಬಿಡಲಿಲ್ಲ. ಅವರ ಚಳಿ, ಜಿಟಿಜಿಟಿ ಮಳೆಗೆ ಗೋದಿಗಿಂತ ಓಟ್ಸೇ ಚೆನ್ನಾಗಿ ಬರುತ್ತಿತ್ತು. 1755ರ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್, ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುವ ಕಾಳು ಸ್ಕಾಟ್ಲೆಂಡಿನಲ್ಲಿ ಮಂದಿಯನ್ನು ಸಾಕುತ್ತದೆ ಎಂದು ಚುಚ್ಚಿದ. (ಜೋಳ ತಿನ್ನುವವರನ್ನು ನೋಡಿ ನಕ್ಕ ಅನ್ನದ ಸೀಮೆಯ ಬೀಗರನ್ನು ನಾನೂ ಕಂಡಿದ್ದೇನೆ, ಇರಲಿ.)

1786ರಲ್ಲಿ ರಾಬರ್ಟ್ ಬರ್ನ್ಸ್ ಎಂಬ ಒಕ್ಕಲಿಗರ ಮನೆಯ ಕವಿ ಹ್ಯಾಗಿಸ್ ಮೇಲೆ ಪದ್ಯ ಕಟ್ಟಿ, ಇದನ್ನು ಉಂಡವನ ತಾಕತ್ತು ಫ್ರೆಂಚ್ ಅಡುಗೆ ಉಣ್ಣುವ ಬಡಕಲಿಗೆಲ್ಲಿ ಬರಬೇಕು ಎಂದು ಹಾಡಿದ. ಅಲ್ಲಿಗೆ ಅದು ಸ್ಕಾಟ್ಲೆಂಡಿನ ಮನೆಮಗನಾಯಿತು. ಈಗಲೂ ಅವನು ಹುಟ್ಟಿದ ಜನವರಿ 25ರಂದು ಅದನ್ನು ವಾದ್ಯ ಊದಿಸುತ್ತಾ ಪಂಕ್ತಿಗೆ ತಂದು, ಪದ್ಯ ಹೇಳಿ ಚಾಕು ಹಾಕುತ್ತಾರೆ.

ಇನ್ನು ಮನೆಯಲ್ಲಿ ಮಾಡುವ ಮಾತು. ಬರುತ್ತದೆ, ನಾನೇ ಒಮ್ಮೆ ಮಾಡಿದೆ. ಓಟ್ಸ್ ಬದಲು ಹುರಿದ ಜೋಳದ ನುಚ್ಚು ಹಾಕಿದೆ. ಹೊಟ್ಟೆಗೆ ಸುಣ್ಣ ತಿಕ್ಕಿ, ಬಿಸಿನೀರಲ್ಲಿ ಅದ್ದಿ, ಒಳಗಿನ ಕರಿಪೊರೆ ಹೆರೆದು, ಟರ್ಕಿ ಟವೆಲ್‌ನಂತೆ ಬೆಳ್ಳಗಾಗುವವರೆಗೆ ತೊಳೆದೆ. ಅಷ್ಟು ತೊಳೆದ ಚೀಲವನ್ನು ಖಾಲಿ ಬಿಡಲು ಮನಸ್ಸಾಗದೆ ಕಂಠಮಟ್ಟ ತುಂಬಿ, ದಬ್ಬಳದಿಂದ ಬಿಗಿಯಾಗಿ ಹೊಲಿದೆ. ತಾಸಿನ ಮೇಲೆ ಢಬ್ ಎಂದಿತು. ನುಚ್ಚು ಉಬ್ಬಿ ಚೀಲ ಹರಿದು, ಪಾತ್ರೆಯ ತುಂಬ ಕಲೇಜಿ ಅಂಬಲಿ! ನಮ್ಮತ್ತಿ ಅದಕ್ಕೆ ಬಳ್ಳೊಳ್ಳಿ ಒಗ್ಗರಣೆ ಕೊಟ್ಟು ರೊಟ್ಟಿಯ ಜೊತೆ ಎಲ್ಲರಿಗೂ ಬಡಿಸಿದರು. ನೀನು ಅರ್ಧಕ್ಕಿಂತ ತುಸು ಹೆಚ್ಚು ತುಂಬು, ಅಲ್ಲಲ್ಲಿ ಸೂಜಿಯಿಂದ ಚುಚ್ಚು, ಸಣ್ಣ ಉರಿಯಲ್ಲಿ ಮೂರು ತಾಸು ಬೇಯಿಸು.