ಅಪ್ಪ ಜೆಂಬ್ರಕ್ಕೆ ಬರಲು ಒಪ್ಪುವುದಿಲ್ಲ

ಪ್ರಶ್ನೆ: ಅಪ್ಪನಿಗೆ 68 ವರ್ಷ, ಪಾರ್ಕಿನ್ಸನ್ ಕಾಯಿಲೆ. ಮೊದಲೆಲ್ಲ ನಡುಗುವ ಕೈಯನ್ನು ಹೆಗಲ ಬೈರಾಸಿನ ಅಡಿ ಮುಚ್ಚಿಟ್ಟುಕೊಂಡು ಮದುವೆ, ಪೂಜೆ ಅಂತ ಜೆಂಬ್ರಗಳಿಗೆ ಬರುತ್ತಿದ್ದರು. ಕಳೆದ ವರ್ಷ ಮದುವೆಯೂಟದಲ್ಲಿ ಸಾರು ಪಕ್ಕದವರ ಪಂಚೆಗೆ ಚೆಲ್ಲಿತು. ಆಮೇಲೆ ಅಂಗಳ ದಾಟಿಲ್ಲ. ‘ಇವರನ್ನು ಯಾಕೆ ಕರ್ಕೊಂಡು ಬರ್ತೀ’ ಅಂತ ನೆಂಟರು ನನಗೇ ಹೇಳಿದ್ದೂ ಇದೆ. ಇದು ಹಠವಾ, ಕಾಯಿಲೆಯಾ?
– ಬದಿಯಡ್ಕದ ಓದುಗರು

ಉತ್ತರ: ಎರಡೂ ಸ್ವಲ್ಪ ಸ್ವಲ್ಪ ಇರಬಹುದು. ನನಗೆ ಕಾಣುವುದು ಮಾತ್ರ ಆ ಪಂಕ್ತಿಯಲ್ಲಿ ಕೂತಿದ್ದ ಉಳಿದವರು.

ಮಿದುಳಿನಲ್ಲಿ ಡೋಪಮಿನ್ ಎಂಬ, ಚಲನೆಗೆ ಬೇಕಾದ ರಾಸಾಯನಿಕ ತಯಾರಿಸುವ ಜೀವಕೋಶಗಳು ಕಡಿಮೆಯಾಗುತ್ತಾ ಹೋಗುವುದು ವೈದ್ಯರ ವಿಷಯ. ಆದರೆ ‘ಎಲ್ಲರೂ ನನ್ನನ್ನೇ ನೋಡ್ತಿದ್ದಾರೆ’ ಅನ್ನುವ ಒತ್ತಡಕ್ಕೆ ನಡುಕ ಜಾಸ್ತಿಯಾಗುತ್ತದೆ. ಮುಖದ ಸ್ನಾಯುಗಳೂ ಬಿಗಿಯಾಗುವುದರಿಂದ ಒಳಗಿನ ನಗು ಹೊರಗೆ ಕಾಣುವುದಿಲ್ಲ. ಎದುರಿನವರು ಸಿಟ್ಟು ಅಂದುಕೊಂಡು ಸುಮ್ನೆ ಎದ್ದು ಹೋಗುತ್ತಾರೆ. ಇದು ನಾಲ್ಕು ಸಲ ಆದರೆ ಯಾರಿಗೆ ತಾನೇ ಹೋಗಬೇಕು ಅನ್ನಿಸುತ್ತದೆ?

ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ 1963ರಲ್ಲಿ ಕಳಂಕದ, ಅಂದರೆ ಸಮಾಜ ಒಬ್ಬರನ್ನು ಕೀಳಾಗಿ ನೋಡುವಂತೆ ಮಾಡುವ ಗುರುತಿನ ಬಗ್ಗೆಯೇ ಒಂದು ಪುಸ್ತಕ ಬರೆದರು. ಮುಚ್ಚಿಡಬಹುದಾದ ಕಳಂಕ ಬೇರೆ, ಎಲ್ಲರಿಗೂ ಗೊತ್ತಾಗಿಬಿಟ್ಟದ್ದು ಬೇರೆ ಅನ್ನುತ್ತಾರೆ ಅವರು. ಬೈರಾಸು ಇರುವವರೆಗೆ ನಿಮ್ಮಪ್ಪ ಮೊದಲನೆಯ ಗುಂಪಿನಲ್ಲಿದ್ದರು. ಸಾರು ಚೆಲ್ಲಿದ ದಿನ ಎರಡನೆಯದಕ್ಕೆ ಬಂದರು. ಜೊತೆಗಿರುವವರಿಗೂ ಕಳಂಕ ಅಂಟುತ್ತದೆ ಅಂತಲೂ ಗಾಫ್‌ಮನ್ ಬರೆದಿದ್ದಾರೆ. ನೆಂಟರು ನಿಮ್ಮನ್ನು ಕೇಳಿದ್ದು ಅದೇ ಲೆಕ್ಕ. (ಇಂಥ ಮಾತು ಮಗನಿಗಿಂತ ಮಗಳು, ಸೊಸೆಯ ಕಿವಿಗೇ ಹೆಚ್ಚು ಬೀಳುವುದು, ಅಲ್ವಾ?)

ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ತೊಡಕಿದೆ. ಪಂಚಾಯತ್‌ನ ಪಾಲಿಯೇಟಿವ್ (ದೀರ್ಘಕಾಲದ ರೋಗಿಗಳ ಆರೈಕೆಯ) ನರ್ಸ್ ಮನೆಗೆ ಬಂದು ಮಲಯಾಳದಲ್ಲಿ ಕೇಳುತ್ತಾರೆ. ಈ ಕಾಯಿಲೆಯಲ್ಲಿ ದನಿಯೂ ಸಣ್ಣದಾಗುತ್ತದೆ. ಅಪ್ಪ ಕನ್ನಡದಲ್ಲಿ ಬಾಯಿ ತೆರೆಯುವಷ್ಟರಲ್ಲಿ ನಾವೇ ಉತ್ತರ ಕೊಟ್ಟು ಮುಗಿಸಿರುತ್ತೇವೆ. ತಡವಾದರೂ ಅವರೇ ಹೇಳಲಿ. ನೀವು ಆಮೇಲೆ ಮಲಯಾಳದಲ್ಲಿ ದಾಟಿಸಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಇದೆ. ಪ್ರಮಾಣಪತ್ರದ ಬಗ್ಗೆ ವಿಚಾರಿಸಿ.

ಜೆಂಬ್ರದ ವಿಷಯಕ್ಕೆ ಬರೋಣ. ಅಪ್ಪ ತೆಗೆದುಕೊಳ್ಳುವುದು ಈ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆಯಾದರೆ ಅದರ ಪರಿಣಾಮ ಕೆಲವು ಗಂಟೆಯಷ್ಟೇ. ಊಟದ ಹೊತ್ತಿಗೆ ಅದು ಇಳಿದಿರದಂತೆ ಹೇಗೆ ಹೊಂದಿಸುವುದು ಅಂತ ವೈದ್ಯರನ್ನು ಕೇಳಿ. ದೊಡ್ಡ ಮದುವೆ ಸದ್ಯಕ್ಕೆ ಬೇಡ, ಹತ್ತು ಜನರ ಪೂಜೆಯ ಊಟ ಸಾಕು. ಬಡಿಸುವವರಿಗೆ ಮೊದಲೇ ಹೇಳಿ, ಸಾರು ಲೋಟದಲ್ಲಿ ಅರ್ಧವೇ ಬರಲಿ. ಪಕ್ಕದಲ್ಲಿ ಕೂರುವುದು ಯಾರು ಅಂತ ಅಪ್ಪನೇ ಆರಿಸಲಿ.