ಅಕ್ಕಿ ಡಬ್ಬ, ಬಳಪ ಮತ್ತು ನಾಲ್ಕು ಸಲ ಮುರಿದ ಆಣೆ

ಅಕ್ಕಾ, ನನಗೆ 33 ವರ್ಷ. ತುಮಕೂರು ಜಿಲ್ಲೆಯ ಒಂದು ಹಳ್ಳಿ. ಎರಡನೇ ಹೆರಿಗೆಯಾಗಿ ಮೂರು ವರ್ಷವಾಯಿತು. ಆಗಿನಿಂದ ಹಸಿ ಅಕ್ಕಿ ತಿನ್ನುವ ಚಟ. ದಿನಕ್ಕೆ ಒಂದು ಲೋಟದಷ್ಟಾದರೂ ಬೇಕು. ಒಂದು ವರ್ಷದಿಂದ ಬಳಪವೂ ಸೇರಿಕೊಂಡಿದೆ. ಎಲ್ಲರೂ ಮಲಗಿದ ಮೇಲೆ ಬಳಪವನ್ನು ನೀರಿಗೆ ಅದ್ದಿ, ಆ ಮಣ್ಣಿನ ವಾಸನೆ ಮೂಸಿ, ಕಟಕ್ಕನೆ ಕಡಿದರೇ ಸಮಾಧಾನ. ದೇವರ ಮೇಲೆ ಆಣೆ ಇಟ್ಟು ನಾಲ್ಕು ಸಲ ಬಿಟ್ಟೆ, ನಾಲ್ಕು ಸಲವೂ ಸೋತೆ. ಅತ್ತೆ ನೋಡಿ ‘ಮನೆಗೆ ದರಿದ್ರ’ ಅಂದರು. ನಮ್ಮ ಯಜಮಾನರು ಸಾರನ್ನಕ್ಕೆ ಬಾಳೆಹಣ್ಣು ಕಿವುಚಿಕೊಂಡು ತಿನ್ನುತ್ತಾರೆ, ಅವರಿಗೆ ಯಾರೂ ಏನೂ ಅನ್ನುವುದಿಲ್ಲ. ಮೊನ್ನೆ ಏಳು ವರ್ಷದ ಮಗಳು ಬಳಪ ಕಡಿಯುತ್ತಿದ್ದಳು. ಗದರಿದರೆ ‘ನೀನೂ ತಿಂತೀಯಲ್ಲಮ್ಮ’ ಅಂದಳು. ಇದು ನಿಜಕ್ಕೂ ಅಪಾಯವೇ? ಡಾಕ್ಟರ ಹತ್ತಿರ ಹೇಳಿಕೊಳ್ಳಲು ನಾಚಿಕೆ.
– ಹೆಸರು ಬೇಡ

ತಂಗಿ,

‘ಹೆರಿಗೆಯಾಗಿ ಮೂರು ವರ್ಷ, ಆಗಿನಿಂದ’ ಎಂದು ಬರೆದಿದ್ದೀಯಲ್ಲ, ಅಲ್ಲಿಯೇ ನನ್ನ ಕಣ್ಣು ನಿಂತಿತು. ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿನ್ನ ಮೈಯಲ್ಲಿ ಕಬ್ಬಿಣದ ಅಂಶ ತಳ ಕಂಡಿರಬಹುದು ಅನ್ನುವ ಅನುಮಾನ ನನಗೆ ಬಲವಾಗಿದೆ. ಈ ವಾರವೇ ರಕ್ತ ಪರೀಕ್ಷೆ ಮಾಡಿಸು. ಐದನೇ ಆಣೆ ಇಡಬೇಡ.

ಮಣ್ಣು, ಬಳಪ, ಸುಣ್ಣ, ಹಸಿ ಅಕ್ಕಿ, ಐಸ್ ಇಂಥದ್ದಕ್ಕೆ ಜೀವ ಹಪಹಪಿಸುವುದನ್ನು ವೈದ್ಯರು ಪೈಕಾ ಅನ್ನುತ್ತಾರೆ. ಕಬ್ಬಿಣದ ಕೊರತೆ ಇರುವವರಲ್ಲಿ, ಬಸುರಿಯರಲ್ಲಿ ಇದು ಹೆಚ್ಚು. ನಮ್ಮ ಹೆಂಗಸರಿಗೆ ಇದೇನು ಹೊಸದಲ್ಲ. ‘ಹಸಿ ಅಕ್ಕಿ ತಿಂದರೆ ಮದುವೆ ದಿನ ಮಳೆ ಬರುತ್ತೆ’ ಎಂದು ಹೆಣ್ಣುಮಕ್ಕಳನ್ನು ಹೆದರಿಸುವ ಮಾತು ಸುಮ್ಮನೆ ಹುಟ್ಟಿತೇ? ಎಷ್ಟೋ ಹುಡುಗಿಯರ ಕೈ ಅಕ್ಕಿ ಡಬ್ಬಕ್ಕೆ ಹೋಗುತ್ತಿದ್ದುದರಿಂದಲೇ ಹುಟ್ಟಿರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ನಾಚಿಕೆ ಪಡಬೇಕಾದವಳು ನೀನಲ್ಲ.

ನನ್ನ ಚಿಕ್ಕಮ್ಮನ ಸೆರಗಿನ ತುದಿಯಲ್ಲಿ ಯಾವಾಗಲೂ ಒಂದು ಗಂಟು ಇರುತ್ತಿತ್ತು. ದುಡ್ಡಿನ ಗಂಟು ಅಂದುಕೊಂಡಿದ್ದೆವು. ಒಂದು ದಿನ ಕಣದಲ್ಲಿ ಕೂತಿದ್ದಾಗ ಅದನ್ನು ಬಿಚ್ಚಿದಳು, ಒಳಗೆ ಅಕ್ಕಿ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಮತ್ತೆ ಬಿಗಿದು, ಸೊಂಟಕ್ಕೆ ಸಿಕ್ಕಿಸಿದಳು. ಮನೆಯವರು ‘ಅಕ್ಕಿಕಳ್ಳಿ’ ಎಂದು ರೇಗಿಸುತ್ತಿದ್ದರು. ಅಟ್ಟ ಹತ್ತಿದರೆ ಏದುಸಿರು, ಕಣ್ಣ ರೆಪ್ಪೆಯ ಒಳಗೆ ಕೆಂಪೇ ಇಲ್ಲ. ಅದನ್ನೆಲ್ಲ ಯಾರೂ ಇದರ ಜೊತೆ ಸೇರಿಸಿ ನೋಡಲಿಲ್ಲ. ಮುಟ್ಟಾದರೆ ಹತ್ತು ಹತ್ತು ದಿನ ಹೋಗುತ್ತಿತ್ತು ಎಂದು ಅವಳೂ ಯಾರಿಗೂ ಹೇಳಿರಲಿಲ್ಲ. ಕೊನೆಗೊಮ್ಮೆ ಬಾವಿಕಟ್ಟೆಯ ಹತ್ತಿರ ತಲೆಸುತ್ತಿ ಬಿದ್ದಾಗ ಆಸ್ಪತ್ರೆಗೆ ಸೇರಿಸಿದರು. ಹಿಮೋಗ್ಲೋಬಿನ್ 6. ಗರ್ಭಕೋಶದಲ್ಲಿ ಗಡ್ಡೆ. ಅದಕ್ಕೆ ಚಿಕಿತ್ಸೆಯಾಗಿ, ರಕ್ತ ತುಂಬಿಕೊಂಡ ಮೇಲೆ ಸೆರಗಿನ ಗಂಟು ತಾನಾಗಿ ಹೋಯಿತು. ಅವಳನ್ನು ರೇಗಿಸಿದವರಲ್ಲಿ ನಾನೂ ಇದ್ದೆ, ಆ ನೋವು ನನಗೆ ಇವತ್ತಿಗೂ ಇದೆ.

ಅಪಾಯವೇ ಎಂದು ಕೇಳಿದ್ದೀಯ. ನಿನ್ನ ಯಜಮಾನರ ಬಾಳೆಹಣ್ಣಿನ ಸಾರನ್ನ ಬರೀ ರುಚಿಯ ವಿಷಯ, ಅವರು ನೆಮ್ಮದಿಯಾಗಿ ತಿನ್ನಲಿ. ಹಸಿ ಅಕ್ಕಿ ಹಾಗಲ್ಲ. ಒಂದೆರಡು ಕಾಳಿಗೆ ಏನೂ ಆಗುವುದಿಲ್ಲ, ಆದರೆ ದಿನಾ ಒಂದು ಲೋಟ ಅಂದರೆ ಹಲ್ಲು ಸವೆಯುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಊಟ ಸೇರುವುದಿಲ್ಲ. ಹುಳ ಹಿಡಿಯದಿರಲಿ ಎಂದು ಅಕ್ಕಿಗೆ ಪುಡಿ ಬೆರೆಸಿಡುವ ಪದ್ಧತಿ ನಿಮ್ಮ ಮನೆಯಲ್ಲೂ ಇದ್ದರೆ, ತೊಳೆಯದೆ ತಿಂದಾಗ ಅದೂ ಹೊಟ್ಟೆಗೆ ಹೋಗುತ್ತದೆ. ಬಳಪದ ವಿಷಯದಲ್ಲಿ ನಾನು ನಿಷ್ಠುರವಾಗಿಯೇ ಹೇಳುತ್ತೇನೆ. ಅದು ಕಲ್ಲು. ಹಲ್ಲಿನ ಚೂರು ಹಾರುತ್ತದೆ, ಮಲಬದ್ಧತೆ ಬರುತ್ತದೆ, ಹೆಚ್ಚು ತಿಂದರೆ ಕರುಳು ಕಟ್ಟಿಕೊಳ್ಳಲೂಬಹುದು. ಬರೆಯಲು ಮಾಡಿದ ವಸ್ತುವಿನಲ್ಲಿ ಸೀಸದಂಥ ವಿಷ ಇದೆಯೋ ಇಲ್ಲವೋ ಎಂದು ತಿನ್ನುವವರಿಗಾಗಿ ಯಾರೂ ಪರೀಕ್ಷಿಸಿರುವುದಿಲ್ಲ. ಆನ್‌ಲೈನಿನಲ್ಲಿ ‘ತಿನ್ನುವ ಬಳಪ’ ಎಂದೇ ಮಾರುತ್ತಾರೆ, ಆ ಹೆಸರು ನಂಬಬೇಡ. ಮಣ್ಣು ತಿನ್ನುವ ಅಭ್ಯಾಸವೂ ಇದ್ದರೆ ಅದರಿಂದ ಹುಳುಬಾಧೆಯ ಭಯ. ಸಾಲದ್ದಕ್ಕೆ, ಕೆಲವು ಬಗೆಯ ಜೇಡಿಮಣ್ಣು ಊಟದಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ.

ಪರೀಕ್ಷೆಯ ಮಾತಿಗೆ ಬರೋಣ. ಡಾಕ್ಟರ ಮುಂದೆ ಕೂತು ಒಂದೇ ವಾಕ್ಯ ಹೇಳು: ‘ಮೂರು ವರ್ಷದಿಂದ ಅಕ್ಕಿ, ಒಂದು ವರ್ಷದಿಂದ ಬಳಪ ತಿನ್ನುತ್ತಿದ್ದೇನೆ.’ ಬಾಯಿ ಬಾರದಿದ್ದರೆ ಚೀಟಿಯಲ್ಲಿ ಬರೆದು ಕೊಡು. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ನೋಡಬೇಕು ಎಂದು ನೀನೇ ಕೇಳು. ಹಿಮೋಗ್ಲೋಬಿನ್ ಕೈಯಲ್ಲಿರುವ ಕಾಸಾದರೆ ಫೆರಿಟಿನ್ ಕಣಜದ ಲೆಕ್ಕ, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅನ್ನುವುದು. ಕಣಜ ಬರಿದಾಗಿದ್ದರೂ ಕೈಯಲ್ಲಿ ಕಾಸು ಕಾಣಿಸುವುದುಂಟು. ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಹಾಗೆಂದು ಮೆಡಿಕಲ್ ಶಾಪಿಗೆ ಹೋಗಿ ನೀನೇ ಮಾತ್ರೆ ತಂದು ನುಂಗಬೇಡ. ಎಲ್ಲ ರಕ್ತಹೀನತೆಯೂ ಕಬ್ಬಿಣದ ಕೊರತೆಯಿಂದ ಬರುವುದಿಲ್ಲ. ಮತ್ತೆ, ರಕ್ತ ಯಾವ ದಾರಿಯಲ್ಲಿ ಹೋಗುತ್ತಿದೆ ಅನ್ನುವುದೂ ಗೊತ್ತಾಗಬೇಕು. ಮುಟ್ಟು ಎಷ್ಟು ದಿನ ಇರುತ್ತದೆ, ಎಷ್ಟು ಪ್ಯಾಡ್ ಬೇಕಾಗುತ್ತದೆ, ಮೂಲವ್ಯಾಧಿಯ ರಕ್ತ ಇದೆಯೇ, ಎಲ್ಲವನ್ನೂ ಮುಚ್ಚಿಡದೆ ಹೇಳು.

ಡಾಕ್ಟರು ಮಾತ್ರೆ ಕೊಟ್ಟರೆ ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೋ. ಅದರ ಹಿಂದುಮುಂದು ಒಂದೆರಡು ಗಂಟೆ ಕಾಫಿ, ಟೀ, ಹಾಲು ಬೇಡ. ಮಲ ಕಪ್ಪಗಾದರೆ ಗಾಬರಿಯಾಗಬೇಡ, ಅದು ಮಾತ್ರೆಯಿಂದ. ಎಷ್ಟೋ ಜನರಿಗೆ ಹಿಮೋಗ್ಲೋಬಿನ್ ಪೂರ್ತಿ ಏರುವ ಮೊದಲೇ, ಒಂದೆರಡು ವಾರದಲ್ಲಿ, ಆ ಹಪಹಪಿ ಇಳಿಯುತ್ತದೆ. ಇಳಿಯಿತೆಂದು ಮಾತ್ರೆ ನಿಲ್ಲಿಸಬೇಡ, ಕಣಜ ತುಂಬಲು ತಿಂಗಳುಗಳು ಬೇಕು. ಮುದ್ದೆ, ಸೊಪ್ಪಿನ ಸಾರು, ಹುರುಳಿ ಉಣ್ಣು, ಜೊತೆಗೊಂದು ಹೋಳು ನಿಂಬೆ ಇರಲಿ. ಆದರೆ ಬರಿದಾದ ಕಣಜವನ್ನು ಸೊಪ್ಪೊಂದೇ ತುಂಬುವುದಿಲ್ಲ.

ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದೂ ಬಿಡಲಾಗದಿದ್ದರೆ ಅದು ಮನಸ್ಸಿನ ಕಡೆಯಿಂದ ಬಂದಿರಬಹುದು. ಅದಕ್ಕೂ ಚಿಕಿತ್ಸೆ ಇದೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ನಡುವೆ ಜೋರಾಗಿ ಹೊಟ್ಟೆನೋವು, ವಾಂತಿ ಬಂದರೆ, ಹೊಟ್ಟೆ ಕಟ್ಟಿಕೊಂಡರೆ ಕಾಯದೆ ಆಸ್ಪತ್ರೆಗೆ ಹೋಗು.

ಮಗಳನ್ನೂ ಅದೇ ದಿನ ಕರೆದುಕೊಂಡು ಹೋಗು. ನಿನ್ನನ್ನು ನೋಡಿ ಕಲಿತಿರಬಹುದು, ಅವಳಿಗೂ ರಕ್ತ ಕಡಿಮೆ ಇರಬಹುದು. ನೋಡದೆ ತಿಳಿಯದು. ಶಾಲೆಯಲ್ಲಿ ಜಂತುಹುಳುವಿನ ಮಾತ್ರೆ ಕೊಟ್ಟ ದಿನ ನುಂಗಿದ್ದಳೇ ಕೇಳು. ಅವಳ ಮುಂದೆ ‘ನಾನು ತಿನ್ನಲ್ಲ’ ಎಂದು ಸುಳ್ಳು ಹೇಳಬೇಡ, ನೋಡಿಯಾಗಿದೆ. ‘ಅಮ್ಮನಿಗೆ ರಕ್ತ ಕಡಿಮೆ ಇರಬಹುದು, ಅದಕ್ಕೇ ಹೀಗೆ ಆಸೆಯಾಗುತ್ತೆ, ಇಬ್ಬರೂ ಹೋಗಿ ತೋರಿಸಿಕೊಂಡು ಬರೋಣ’ ಅನ್ನು. ಬಳಪದ ಡಬ್ಬ ಯಜಮಾನರ ಕೈಗೆ ಕೊಡು. ಬೆಳಿಗ್ಗೆ ಮಗಳಿಗೆ ಒಂದು ತೆಗೆದುಕೊಟ್ಟು, ಸಂಜೆ ಅದನ್ನೇ ವಾಪಸ್ ಕೇಳಲಿ.

ಅತ್ತೆಗೆ ವರದಿ ಬಂದ ಮೇಲೆ ಹೇಳು. ಕಾಗದದಲ್ಲಿರುವ ಅಂಕಿ ತೋರಿಸಿದರೆ ದರಿದ್ರದ ಮಾತು ತಾನಾಗಿ ಸುಮ್ಮನಾದೀತು. ಜೊತೆಗೆ, ಬಸುರಿಯಾಗಿದ್ದಾಗ ನಿಮಗೆ ಏನು ತಿನ್ನಬೇಕು ಅನ್ನಿಸುತ್ತಿತ್ತು ಅಂತಲೂ ಒಮ್ಮೆ ಕೇಳಿ ನೋಡು. ಒಲೆಯ ಮಣ್ಣು ಅಂದರೆ ನನಗೇನೂ ಆಶ್ಚರ್ಯವಿಲ್ಲ.

ಹಿಮೋಗ್ಲೋಬಿನ್ ಎಷ್ಟು, ಫೆರಿಟಿನ್ ಎಷ್ಟು, ಎರಡನ್ನೂ ಬರೆದು ಕಳಿಸು. ಕಾಯುತ್ತಿರುತ್ತೇನೆ.

– ನಿನ್ನ ಅಕ್ಕ