‘ಟಾಶಿ ದೆಲೆಕ್’ ಒಂದೇ ಸಾಕೇ?

ಕುಶಾಲನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಓದುಗರೊಬ್ಬರ ಪತ್ರ: “ಬೈಲಕುಪ್ಪೆಯ ಗಿರಾಕಿಗಳಿಗೆ ‘ತಾಶಿ ದೆಲೆಕ್’ ಅನ್ನುತ್ತೇನೆ, ಕೆಲವರು ನಗುತ್ತಾರೆ. ಹೊಸದಾಗಿ ಬಂದ ಭಿಕ್ಷುವೊಬ್ಬರು ‘ಛೋ ದೆಮೊ’ ಅಂದರು. ಜೊತೆಗಿದ್ದ ಟಿಬೆಟನ್ ಹುಡುಗಿ ಮುಖ ಗಂಟಿಕ್ಕಿದಳು. ಟಿಬೆಟನ್ ಭಾಷೆ ಒಂದೇ ಅಲ್ಲವೇ? ಏನು ಕಲಿತರೆ ಸಾಕು?”

ಮಾನ್ಯರೇ,

ಬರಹದಲ್ಲಿ ಒಂದೇ, ಬಾಯಲ್ಲಿ ಅಲ್ಲ. ‘ಕಣಿವೆಗೊಂದು ಮಾತು, ಲಾಮಾಗೊಂದು ಧರ್ಮ’ ಎಂಬ ಗಾದೆ ಟಿಬೆಟನ್ನರದ್ದೇ. ಸ್ಥೂಲವಾಗಿ ಮೂರು ಸೀಮೆಗಳು: ಲಾಸಾ, ಶಿಗಾತ್ಸೆ ಕಡೆಯ ಉ-ತ್ಸಾಂಗ್, ಪೂರ್ವದ ಖಾಮ್, ಈಶಾನ್ಯದ ಆಮ್ಡೊ. ಲಾಸಾದವರೂ ಆಮ್ಡೊದವರೂ ಒಂದೇ ಪುಸ್ತಕ ಓದಬಲ್ಲರು. ಮಾತಿಗೆ ಕೂತರೆ ಮೊದಮೊದಲು ತಡವರಿಸುತ್ತಾರೆ. 1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡಗಳಲ್ಲಿ ಎಲ್ಲ ಸೀಮೆಯವರೂ ಒಟ್ಟಿಗೆ ನೆಲೆಸಿದ ಮೇಲೆ, ಲಾಸಾ ಮಾತಿಗೆ ಹತ್ತಿರದ ಸಾಮಾನ್ಯ ಭಾಷೆಯೊಂದು ಬೆಳೆಯಿತು. ನೀವು ಕಲಿಯಬೇಕಾದ್ದು ಅದನ್ನೇ.

ನಿಮ್ಮ ಭಿಕ್ಷು ಆಮ್ಡೊದವರು. ‘ಛೋ ದೆಮೊ’ ಅಂದರೆ ‘ಚೆನ್ನಾಗಿದ್ದೀಯಾ’. ಈ ‘ಛೋ’ವನ್ನು ಲಾಸಾದವರು ‘ಖ್ಯೋ’ ಎಂದು ಉಚ್ಚರಿಸುತ್ತಾರೆ. ಕಾಗುಣಿತ ಎರಡಕ್ಕೂ ಒಂದೇ. ಆದರೆ ಲಾಸಾದಲ್ಲಿ ಅದು ಸಲುಗೆಯ, ಕೆಲವೊಮ್ಮೆ ಒರಟಿನ ‘ನೀನು’. ಗೌರವಕ್ಕೆ ‘ಖ್ಯೇರಂಗ್’ ಬೇಕೇ ಬೇಕು. ಆಮ್ಡೊದಲ್ಲಿ ಇಷ್ಟೊಂದು ಮರ್ಯಾದೆಯ ಪದಗಳ ಬಳಕೆಯಿಲ್ಲ, ‘ಛೋ’ ಅಲ್ಲಿ ಯಾರಿಗೂ ನೋಯುವ ಮಾತಲ್ಲ. ಹುಡುಗಿ ಮುಖ ಗಂಟಿಕ್ಕಿದ್ದು ಇದಕ್ಕೇ ಇದ್ದೀತು. ನೀವು ಮಾತ್ರ ‘ಖ್ಯೇರಂಗ್’ ಬಿಡಬೇಡಿ.

ಇನ್ನು ನಗುವಿನ ವಿಚಾರ. ನೀವು ಹೇಳುವ ‘ತಾಶಿ’ಯ ಮೊದಲ ಅಕ್ಷರ ‘ತ’ ಅಲ್ಲ, ‘ಟ’. ಟಿಬೆಟನ್ ಲಿಪಿಯಲ್ಲಿ ಅಲ್ಲಿರುವುದು ‘ಕ’ಗೆ ‘ರ’ ಒತ್ತು, ಅದರ ಹಿಂದೊಂದು ಮೂಕ ‘ಬ’. ಈ ‘ಕ್ರ’ವೇ ನಾಲಿಗೆ ಮಡಿಸಿ ಹೇಳುವ ‘ಟ್ರ’ ಆಗಿದೆ. ಇಂಗ್ಲಿಷ್ ಬರಹ ನೋಡಿ ಕಲಿತವರಿಗೆ ಇದು ಕಾಣುವುದಿಲ್ಲ. ನಮಗೆ ಟ, ತ ಬೇರೆಬೇರೆ ಇರುವುದರಿಂದ ಕನ್ನಡದಲ್ಲಿ ಬರೆದುಕೊಂಡರೆ ಕೆಲಸ ಹಗುರ. ‘ಟಾಶಿ ದೆಲೆಕ್’ ಅನ್ನಿ, ಕೊನೆಯ ‘ಕ್’ ಗಂಟಲಲ್ಲೇ ಉಳಿಯಲಿ. ಮಹಾಪ್ರಾಣವನ್ನೂ ನುಂಗಬೇಡಿ: ಕೃತಜ್ಞತೆಗೆ ‘ಥುಜೇ ಛೇ’, ‘ತುಜೇ ಚೆ’ ಅಲ್ಲ. ‘ಫ’ ಬಂದಲ್ಲಿ ‘ಫೋನ್’ನ ಫ ಬೇಡ, ತುಟಿ ಮುಚ್ಚಿ ತೆರೆಯುವ ‘ಪ್ಹ’ ಬೇಕು.

ಕಷ್ಟವಿರುವುದು ದನಿಯ ಏರಿಳಿತದಲ್ಲಿ. ನಾವು ವರ್ಣಮಾಲೆಯಲ್ಲಿ ಕಲಿತು ಮರೆತುಬಿಡುವ ‘ಙ’ ಅವರಿಗೆ ಪದದ ಮೊದಲಲ್ಲೇ ಬರುತ್ತದೆ. ಲಾಸಾ ಮಾತಿನಲ್ಲಿ ‘ಙ’ ಎಂದು ಎತ್ತರದ ದನಿಯಲ್ಲಿ ಹೇಳಿದರೆ ಐದು, ತಗ್ಗಿಸಿ ಹೇಳಿದರೆ ನಾನು. ಆಮ್ಡೊದಲ್ಲಿ ಈ ಏರಿಳಿತವೇ ಇಲ್ಲ. ಐದು ಎಂಬುದರ ಕಾಗುಣಿತದಲ್ಲಿ ‘ಙ’ದ ಮೇಲೆ ಕೂತಿರುವ ಅಕ್ಷರದ ಉಳಿಕೆ ಅವರ ಬಾಯಲ್ಲಿ ಇನ್ನೂ ಸಣ್ಣಗೆ ಕೇಳಿಸುತ್ತದೆ, ಲಾಸಾದವರು ಅದನ್ನು ಬಿಟ್ಟು ದನಿ ಏರಿಸಿಕೊಂಡರು. ವ್ಯಾಪಾರದಲ್ಲಿ ಐದಕ್ಕೆ ಐದು ಬೆರಳು ತೋರಿಸುವುದೇ ಕ್ಷೇಮ.

ಲಾಸಾದಲ್ಲಿ ‘ಟಾಶಿ ದೆಲೆಕ್’ ಮುಖ್ಯವಾಗಿ ಲೋಸರ್ ಹೊಸವರ್ಷದ, ಶುಭ ಸಂದರ್ಭಗಳ ಹಾರೈಕೆಯಾಗಿತ್ತು. ದಿನನಿತ್ಯದ ನಮಸ್ಕಾರವಾಗಿ ಬಳಕೆ ಹೆಚ್ಚಿದ್ದು ವಲಸೆಯ ನಂತರ. ಈಗ ಯಾರಿಗೆ ಹೇಳಿದರೂ ತಪ್ಪಿಲ್ಲ. ಆದರೆ ದಿನಾ ಬರುವ ಗಿರಾಕಿಗೆ ‘ಖ್ಯೇರಂಗ್ ಕುಸು ದೆಬೊ ಯಿನ್ಪೆ’ (ತಾವು ಆರೋಗ್ಯವೇ) ಎಂದು ಕೇಳಿದರೆ ಸಲಿಗೆ ಹುಟ್ಟುತ್ತದೆ. ಅದೇ ಪ್ರಶ್ನೆ ನಿಮಗೆ ಬಂದಾಗ ಹೆಚ್ಚಿನವರು ಎಡವುತ್ತಾರೆ. ‘ಕುಸು’ ಎದುರಿನವರ ದೇಹಕ್ಕೆ ಮಾತ್ರ ಸಲ್ಲುವ ಗೌರವದ ಪದ. ನಿಮ್ಮದಕ್ಕೆ ‘ಸುಕ್ಪೊ’: ‘ಲಾ ಯಿನ್, ಙ ಸುಕ್ಪೊ ದೆಬೊ ಯಿನ್’ (ಹೌದು, ನಾನು ಆರೋಗ್ಯ). ಹೆಸರಿಗೂ ಹಾಗೆಯೇ, ಅವರದು ‘ತ್ಸೆನ್’, ನಿಮ್ಮದು ‘ಮಿಂಗ್’. ತನ್ನನ್ನು ತಾನೇ ‘ನಾನು ದಯಮಾಡಿಸಿದೆ’ ಅಂದುಕೊಂಡರೆ ನಮ್ಮಲ್ಲೂ ನಗುತ್ತಾರಲ್ಲ!

ಕರೆಯುವಾಗ ಹೆಸರಿಗೆ ಗೌರವದ ‘ಲಾ’ ಸೇರಿಸಿ. ವಯಸ್ಸಾದ ಹೆಂಗಸು ‘ಅಮಾ ಲಾ’, ಗಂಡಸು ‘ಪಾ ಲಾ’, ಅಕ್ಕನ ವಯಸ್ಸಿನವರು ‘ಅಚಾ ಲಾ’, ಭಿಕ್ಷು ‘ಕುಶೋ ಲಾ’, ಮೇಷ್ಟ್ರು ‘ಗೆನ್ ಲಾ’.

ಬೀಳ್ಕೊಡುವಾಗ ಹೊರಟವರು ಯಾರು, ಉಳಿದವರು ಯಾರು ಎಂದು ನೋಡಬೇಕು. ಗಿರಾಕಿ ಹೊರಟಾಗ ನೀವು ‘ಕಲೇ ಫೇ’, ನಿಧಾನಕ್ಕೆ ಹೋಗಿಬನ್ನಿ. ಅವರು ನಿಮಗೆ ‘ಕಲೇ ಶು’, ಆರಾಮಾಗಿ ಕೂತಿರಿ. ಅವರು ಅಂದದ್ದನ್ನೇ ಗಿಳಿಪಾಠ ಒಪ್ಪಿಸಿದರೆ, ಹೊರಟು ನಿಂತವರನ್ನು ಕೂತಿರಿ ಅಂದಂತಾಗುತ್ತದೆ.

ಲಡಾಖಿನವರು ಬಂದರೆ ಇದಾವುದೂ ಬೇಡ. ನಮಸ್ಕಾರ, ಧನ್ಯವಾದ, ಹೋಗಿಬನ್ನಿ ಮೂರಕ್ಕೂ ಅವರಲ್ಲಿ ‘ಜುಲೇ’ ಒಂದೇ.

– ಸಂ.